ರಾತ್ರಿ ಒಂದೂವರೆಯ ನೋವು ಮತ್ತು ನನ್ನ ಗಾಳಿ ಮೆಷಿನ್

ಕ್ಲಸ್ಟರ್ ತಲೆನೋವು ಇರುವವರಿಗೆ ಅದು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಇಲ್ಲದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ನನಗೆ ಸೀಸನ್ ಶುರುವಾಗುವುದು ದೀಪಾವಳಿ ಹೊತ್ತಿಗೆ. ಆರೇಳು ವಾರ ಇರುತ್ತದೆ. ಹನ್ನೆರಡಕ್ಕೆ ಮಲಗಿದರೆ ಒಂದೂವರೆಗೆ ಬಲಗಣ್ಣಿನ ಹಿಂದೆ ಹಿಡಿದುಕೊಳ್ಳುತ್ತದೆ. ಮುಕ್ಕಾಲು ಗಂಟೆ ಹಿತ್ತಿಲಲ್ಲಿ ಓಡಾಡಿ, ಕಣ್ಣು ಮೂಗು ಎಲ್ಲ ಸುರಿಸಿಕೊಂಡು ಬಂದು ಮತ್ತೆ ಮಲಗಬೇಕು.

ಶಿವಮೊಗ್ಗದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಮೊದಲ ಮೂರು ವರ್ಷ ಸೈನಸ್ ಅಂತ ಔಷಧಿ ತಿಂದೆ. ಆಮೇಲೆ ಹಲ್ಲಿನದ್ದೇ ಇರಬೇಕು ಅಂತ ಮೇಲಿನ ಎರಡು ದವಡೆ ಹಲ್ಲು ಕೀಳಿಸಿದೆ. ಗಟ್ಟಿಮುಟ್ಟಾದ ಹಲ್ಲುಗಳು, ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. ಸ್ಕ್ಯಾನ್, ಕನ್ನಡಕ, ಹಲ್ಲು ಎಲ್ಲ ಸೇರಿ ನಲವತ್ತು ಸಾವಿರ ದಾಟಿತ್ತು. ಅತ್ತೆಯವರು ದೃಷ್ಟಿ ತೆಗೆದದ್ದೊಂದೇ ಪುಕ್ಕಟೆ. ಕೊನೆಗೆ ಒಬ್ಬ ನರರೋಗ ತಜ್ಞರು ಹತ್ತೇ ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳಿದರು. ವೆರಪಮಿಲ್ ಅನ್ನುವ ಮಾತ್ರೆ ಬರೆದರು, ಇಸಿಜಿ ಮಾಡಿಸುತ್ತಿರಿ ಅಂದರು. ಅದರಿಂದ ಹಗಲಿನ ನೋವು ಕಡಿಮೆಯಾಯಿತು. ರಾತ್ರಿಯದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮೆಷಿನ್ ವಿಚಾರ ಬಂದದ್ದು ಹೆಂಡತಿಯಿಂದ. ನನ್ನ ಗೊರಕೆ ತೋರಿಸಿ ನಾಚಿಕೆಪಡಿಸಬೇಕು ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಕೇಳಿದರೆ ಗೊರಕೆ ನಡುವೆ ನಿಂತೇ ಹೋಗುತ್ತದೆ. ಇಪ್ಪತ್ತು, ಮೂವತ್ತು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ ಗಂಟಲು ಕಿತ್ತು ಬರುವ ಹಾಗೆ ಒಂದು ಎಳೆತ. ಹೀಗೆ ನಾಲ್ಕೈದು ಸಲ ಆದ ಮೇಲೆ ನಾನು ಎದ್ದು ತಲೆ ಹಿಡಿದುಕೊಂಡು ನರಳುವುದು ಕೇಳಿಸುತ್ತದೆ. ಮನೆಯಲ್ಲೇ ನಿದ್ರೆ ಪರೀಕ್ಷೆ ಮಾಡಿಸಿದೆ, ಏಳು ಸಾವಿರ ಇರಬೇಕು. ಎಎಚ್‌ಐ 34 ಬಂತು, ಅಂದರೆ ನಿದ್ದೆಯಲ್ಲಿ ಗಂಟೆಗೆ ಸರಾಸರಿ ಅಷ್ಟು ಸಲ ಉಸಿರು ನಿಂತಿದೆ ಇಲ್ಲ ಕುಗ್ಗಿದೆ. 30 ದಾಟಿದರೆ ಜೋರು ಅಂತ ಲೆಕ್ಕ.

ಸಿಪ್ಯಾಪ್, ಅಂದರೆ ಮಲಗಿದಾಗ ಗಂಟಲು ಮುಚ್ಚದ ಹಾಗೆ ಮಾಸ್ಕಿನಿಂದ ಗಾಳಿ ಒತ್ತುವ ಮೆಷಿನ್, ಹಾಕಿದರೆ ತಲೆನೋವೂ ಹೋಗುತ್ತದಾ ಅಂತ ಕೇಳಿದ್ದಕ್ಕೆ ಡಾಕ್ಟರು, "ಉಸಿರಿಗಂತೂ ಬೇಕೇ ಬೇಕು. ತಲೆನೋವಿಗೆ ಖಾತ್ರಿ ಕೊಡಲ್ಲ" ಅಂದರು. ಬೆಳಗ್ಗೆ ಎದ್ದಾಗ ತಲೆಪೂರ್ತಿ ಭಾರ ಇರುತ್ತದಲ್ಲ, ಆ ನೋವಿಗಾದರೆ ಸರಿ, ಕ್ಲಸ್ಟರಿಗೆ ಹೇಳಲಾಗದು ಅಂತ. ಬಾಮೈದನದ್ದು ಇನ್ನೂ ಜೋರು: "ಭಾವ, ಐವತ್ತು ಸಾವಿರಕ್ಕೆ ಫ್ಯಾನ್ ತಗೋತೀರಾ?"

2022ರಲ್ಲಿ ಮೊದಲು ಬಾಡಿಗೆಗೆ ತಂದೆ. ತಿಂಗಳಿಗೆ ನಾಲ್ಕೂವರೆ ಸಾವಿರ. ಮೊದಲ ಹತ್ತು ದಿನ ಪೂರ್ತಿ ನಷ್ಟ. ಅಂಗಡಿಯವನು ಆಟೋ ಮೋಡಿನಲ್ಲಿ ಗಾಳಿಯ ಪ್ರೆಶರ್ 4ರಿಂದ 20ಕ್ಕೆ ಬಿಟ್ಟು ಕೊಟ್ಟಿದ್ದ. 4ರಲ್ಲಿ ಗಾಳಿ ಸಾಲದೆ ನಾನೇ ಮಾಸ್ಕ್ ಕಿತ್ತು ಎಸೆಯುತ್ತಿದ್ದೆ. ಮೇಲೆ ಹೋದರೆ ಗಾಳಿ ನುಂಗಿ ಹೊಟ್ಟೆ ಡೊಳ್ಳು. ಮೂಗಿನ ಮಾಸ್ಕ್ ಹಾಕಿದರೆ ಬಾಯಿ ತೆರೆದುಕೊಳ್ಳುತ್ತದೆ. ಮೂಗು ಬಾಯಿ ಎರಡೂ ಮುಚ್ಚುವುದಕ್ಕೆ ಏಳು ಸಾವಿರ ಕೊಟ್ಟೆ, ಅದು ಕೆನ್ನೆ ಹತ್ತಿರ ಲೀಕು. ನೋವು ಬರುವುದು ಬರುತ್ತಲೇ ಇತ್ತು. ಈಗ ಮಾಸ್ಕಿನ ಒತ್ತಡ ಬೇರೆ ಅದಕ್ಕೆ ಸೇರಿಕೊಂಡಿತ್ತು.

ದಾರಿ ಸಿಕ್ಕಿದ್ದು ಪ್ರತಿ ರಾತ್ರಿಯ ದಾಖಲೆ ಇರುವ ಮೆಷಿನಿನ ಕಾರ್ಡ್ ತೆಗೆದು ನೋಡಿದ ಮೇಲೆ. ಅದನ್ನು ಓದುವ ಓಸ್ಕರ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಮಗಳು ಹಾಕಿಕೊಟ್ಟಳು. ಉಸಿರು ಕಟ್ಟುತ್ತಿದ್ದದ್ದು ಪ್ರೆಶರ್ 8ರ ಕೆಳಗಿದ್ದಾಗಲೇ. ಡಾಕ್ಟರಿಗೆ ಗ್ರಾಫ್ ತೋರಿಸಿ, ಅವರು ಹೂಂ ಅಂದ ಮೇಲೆ 9ರಿಂದ 13 ಮಾಡಿದೆವು. ಎಎಚ್‌ಐ ಒಂದೇ ವಾರದಲ್ಲಿ ಎರಡು, ಮೂರಕ್ಕೆ ಇಳಿಯಿತು. ಕೆನ್ನೆಯ ಲೀಕಿಗೆ ನಮ್ಮ ವೈಂಡಿಂಗ್ ಅಂಗಡಿಯದ್ದೇ ಒಂದು ಸಾಮಾನು ಕೆಲಸಕ್ಕೆ ಬಂತು. ಅದು ಯಾವುದು ಅಂತ ಬರೆಯುವುದಿಲ್ಲ, ಸುಮ್ನೆ ಬಿಡಿ. ಸ್ವಂತದ್ದು ತಗೊಂಡಾಗ ಐವತ್ತೆರಡು ಹೇಳಿದ್ದನ್ನು ನಲವತ್ಮೂರಕ್ಕೆ ಹೇಗೆ ತಂದೆ ಅನ್ನುವುದೂ ಹಾಗೆಯೇ.

ಮೂರನೇ ವಾರದಿಂದ ರಾತ್ರಿ ನೋವು ನಿಂತಿತು. ಬಾಮೈದ ಒಪ್ಪಬೇಕಲ್ಲ? "ಸೀಸನ್ ಮುಗಿದಿರುತ್ತೆ ಬಿಡಿ ಭಾವ" ಅಂದ. ಸಿಟ್ಟು ಬಂತು. ಆದರೆ ಮಾತು ಸರಿಯಾಗೇ ಇತ್ತು. ಈ ಕಾಯಿಲೆ ತಾನೇ ಬಂದು ತಾನೇ ಹೋಗುವಂಥದ್ದು. ಕೊನೆಯ ವಾರದಲ್ಲಿ ಕಷಾಯ ಕುಡಿದವನೂ ಕಷಾಯದಿಂದಲೇ ವಾಸಿಯಾಯಿತು ಅನ್ನುತ್ತಾನೆ.

ಹಾಗಾಗಿ 2023ರ ಸೀಸನ್ನಿಗೆ ಕಾದೆ. ಆಗಷ್ಟೇ ನೋವು ಶುರುವಾಗಿತ್ತು, ಮಾತ್ರೆ ಹಿಂದಿನಷ್ಟೇ. ಮಗಳು ಪ್ರತಿ ರಾತ್ರಿ ನಾಣ್ಯ ಚಿಮ್ಮಿ, ನನಗೆ ಹೇಳದೆ, ಒಂದೋ ಸರಿಯಾದ ಪ್ರೆಶರ್ ಇಡುವುದು, ಇಲ್ಲ 4ಕ್ಕೆ ನಿಲ್ಲಿಸುವುದು. ನೋಟ್‌ಬುಕ್ ಅವಳ ಹತ್ತಿರ. ಇಪ್ಪತ್ತು ರಾತ್ರಿ ಆದ ಮೇಲೆ ಹೆಂಡತಿ, "ರೀ, ನಿಮ್ಮ ಪರೀಕ್ಷೆ ಸಾಕು, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ" ಅಂದಳು. ನಿಲ್ಲಿಸಿದೆವು. 4ರ ರಾತ್ರಿ ಒಂಬತ್ತು, ಅದರಲ್ಲಿ ಎಂಟು ಸಲ ನೋವು. ಸರಿ ಪ್ರೆಶರಿನ ಹನ್ನೊಂದರಲ್ಲಿ ಎರಡು ಸಲ. ಆ ಎರಡರಲ್ಲೂ ಮಾಸ್ಕ್ ಜಾರಿತ್ತು, ಕಾರ್ಡಿನಲ್ಲಿ ಲೀಕ್ ಕಾಣುತ್ತದೆ. ಒಂದು ಕೊರತೆ ಹೇಳಿಬಿಡುತ್ತೇನೆ: ಗಾಳಿ ಬರುವ ರೀತಿಯಲ್ಲೇ ನನಗೆ ಇವತ್ತು ಯಾವುದು ಅಂತ ಗೊತ್ತಾಗುತ್ತಿತ್ತು. ಗೊತ್ತಾದ ಮಾತ್ರಕ್ಕೆ, ಬರಬೇಕಾದ ನೋವು ನಿಲ್ಲುತ್ತದಾ ಅಂತ ಬಾಮೈದನನ್ನು ಕೇಳಿದೆ. ಸುಮ್ಮನಾದ.

ನಡುವೆ ಇನ್ನೊಂದು ಪ್ರಯೋಗ. 2021ರ ಕೊರೋನಾದಲ್ಲಿ ನೆಂಟರೊಬ್ಬರು ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರ್ ಅಟ್ಟದ ಮೇಲಿತ್ತು. ನೋವು ಬಂದಾಗ ಹಚ್ಚಿ ನೋಡಿದೆ, ಏನೂ ಆಗಲಿಲ್ಲ. ಅದು ಕೊಡುವುದು ನಿಮಿಷಕ್ಕೆ 5 ಲೀಟರ್. ಕ್ಲಸ್ಟರ್ ನೋವು ಇಳಿಸುವುದಕ್ಕೆ ಬೇಕಾದ್ದು 12ರಿಂದ 15, ಅದೂ ಚೀಲವಿರುವ ಮಾಸ್ಕಿನಲ್ಲಿ. ಅದಕ್ಕೆ ಸಿಲಿಂಡರೇ ಸರಿ. ಡಾಕ್ಟರ ಚೀಟಿ ಬರೆಸಿಕೊಂಡು ಬಾಡಿಗೆಗೆ ತಂದೆ, ಹದಿನೈದು ನಿಮಿಷದಲ್ಲಿ ನೋವು ಇಳಿಯುತ್ತದೆ.

ಕರೆಂಟಿನ ಕಥೆ ಬೇರೆ. ನಮ್ಮ ಕಡೆ ಗಾಳಿ ಮಳೆ ಬಂದರೆ ರಾತ್ರಿ ಪೂರ್ತಿ ಇರುವುದಿಲ್ಲ. ಮೆಷಿನ್ 24 ವೋಲ್ಟಿನದ್ದು. ಎರಡು 12ರ ಬ್ಯಾಟರಿ ಸೀರೀಸ್ ಮಾಡಿ ನೇರ ಕೊಡೋಣ ಅಂತ ಹೊರಟೆ. ಮೀಟರ್ ಹಿಡಿದರೆ 27 ತೋರಿಸಿತು, ಕೈಬಿಟ್ಟೆ. 12ರಿಂದ 24 ಮಾಡುವ ಕನ್ವರ್ಟರ್ ತರಿಸಿದೆ. ಗಾಳಿಗೆ ತೇವ ಕೊಡಲು ಮೆಷಿನ್ ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ 26 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಒಂದು ರಾತ್ರಿ ಆರಾಮಾಗಿ ಕಳೆಯುತ್ತದೆ. ಬಿಸಿ ಹಾಕಿದರೆ ಬೆಳಗಾಗುವ ಮೊದಲೇ ಬ್ಯಾಟರಿ ಮಲಗಿಬಿಡುತ್ತದೆ. ಚಳಿಗಾಲದಲ್ಲಿ ಪೈಪಿನೊಳಗೆ ನೀರು ಕಟ್ಟಿ ಗೊಳಗೊಳ ಅನ್ನುತ್ತಿತ್ತು. ಹಳೇ ಸ್ವೆಟರಿನ ತೋಳು ಕತ್ತರಿಸಿ ಪೈಪಿಗೆ ಏರಿಸಿದೆ, ನಿಂತಿತು.

2024ರ ಸೀಸನ್ನಿನಲ್ಲಿ ರಾತ್ರಿ ನೋವು ಒಟ್ಟು ನಾಲ್ಕು ಸಲ. ಹಗಲಿನದ್ದು ಈಗಲೂ ಬರುತ್ತದೆ, ಹೆಚ್ಚಾಗಿ ಊಟ ಮಾಡಿ ಅಂಗಡಿಯಲ್ಲೇ ಕುರ್ಚಿ ಮೇಲೆ ತೂಕಡಿಸಿದಾಗ. ಅಲ್ಲೂ ಮಾಸ್ಕ್ ಹಾಕಿಕೊಂಡು ಮಲಗಿ ನೋಡಬೇಕು ಅಂತಿದ್ದೇನೆ. ಗಿರಾಕಿಗಳು ಏನಂದುಕೊಳ್ಳುತ್ತಾರೋ ಅಂತ ಇನ್ನೂ ಮಾಡಿಲ್ಲ.