ಪೇಂಟ್‌ಗೆ ಮೊದಲೇ ಖಾಲಿ ಎಂಜಿನ್ ಕೂರಿಸಿ ನೋಡಿ

ಹಳೇ ಫಾಸ್ಟ್‌ಬ್ಯಾಕ್ (ಚಾವಣಿ ಹಿಂದಕ್ಕೆ ಇಳಿಜಾರಾಗಿ ಇಳಿಯುವ) ಕಾರಿಗೆ ಬೇರೆ ಎಂಜಿನ್ ಹಾಕುವ ಯೋಚನೆ ಇದ್ದರೆ, ಪೇಂಟ್ ಮಾಡಿಸುವ ಮೊದಲೇ ಅದೇ ಮಾದರಿಯ ಖಾಲಿ ಬ್ಲಾಕ್ (ಎಂಜಿನ್‌ನ ಹೊರ ಒಡಲು) ಒಂದನ್ನು ಕೂರಿಸಿ ನೋಡಿ. ಪಿಸ್ಟನ್, ಕ್ರ್ಯಾಂಕ್ ಬೇಡ. ಆದರೆ ಹೆಡ್, ಆಯಿಲ್ ಪ್ಯಾನ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಗೇರ್‌ಬಾಕ್ಸ್ ಕೇಸ್ ಇರಲೇಬೇಕು, ಎಲ್ಲಾದರೂ ತಾಗುವುದು ಇವೇ ಅಲ್ವಾ. ಕತ್ತರಿಸೋದು, ವೆಲ್ಡಿಂಗ್ ಎಲ್ಲ ಬರೀ ತಗಡಿನ ಮೇಲೇ ಮುಗಿಯುತ್ತದೆ, ಹೊಸ ಪೇಂಟ್ ಸುಡುವುದಿಲ್ಲ. 1965–66ರ ಫೋರ್ಡ್ ಮಸ್ಟ್ಯಾಂಗ್ ತಗೊಳ್ಳಿ. ಎರಡೂ ಬದಿ ಶಾಕ್ ಟವರ್ (ಮುಂದಿನ ಸಸ್ಪೆನ್ಷನ್‌ನ ಮೇಲ್ತುದಿ ಕೂರುವ ತಗಡಿನ ಗೂಡು) ಇರುವುದರಿಂದ ಎಂಜಿನ್ ಜಾಗ ಇಕ್ಕಟ್ಟು. 80ರ ದಶಕದ ಮಸ್ಟ್ಯಾಂಗ್‌ನ 5.0 ಲೀಟರ್ ವಿ8 ಎಂಜಿನ್ ಅಲ್ಲಿ ಹಿಡಿಯುತ್ತದೆ, ಆದರೆ ಅದರ ಆಯಿಲ್ ಪ್ಯಾನ್ ಕೂರುವುದಿಲ್ಲ. ಮುಂದೆ ಸಂಪ್ (ಆಯಿಲ್ ನಿಲ್ಲುವ ಆಳದ ಭಾಗ) ಇರುವ ಹಳೇ ಮಾದರಿಯದೇ ಬೇಕು, ಆಯಿಲ್ ಎಳೆಯುವ ಪಿಕಪ್ ಪೈಪ್ ಸಮೇತ. ಫೋರ್ಡ್‌ನ ಹೊಸ ಕೊಯೋಟಿ ವಿ8 ಎಂಜಿನ್ ಮೇಲೆ ಆಸೆಯಾ? ಅದರ ಅಗಲಕ್ಕೆ ಸಾಮಾನ್ಯವಾಗಿ ಟವರ್‌ಗಳನ್ನೇ ಕತ್ತರಿಸಿ ಮುಂದಿನ ಸಸ್ಪೆನ್ಷನ್ ಬದಲಿಸಬೇಕಾಗುತ್ತದೆ, ಖರ್ಚು ಸುಮ್ನೆ ಏರುತ್ತಾ ಹೋಗುತ್ತದೆ. ಈ ಉಪಾಯ ಕೈಕೊಡುವುದು ಭಾರದ ವಿಷಯದಲ್ಲಿ. ಖಾಲಿ ಬ್ಲಾಕ್ ಹಗುರ, ಸ್ಪ್ರಿಂಗ್ ಸರಿಯಾಗಿ ತಗ್ಗುವುದಿಲ್ಲ. ಹಾಗಾಗಿ ಕಾರಿನ ಎತ್ತರ, ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ) ಕೋನ ಎರಡನ್ನೂ ಪೂರ್ತಿ ಭಾರ ಬಿದ್ದ ಮೇಲೇ ಅಳೆಯಿರಿ.