ಹನ್ನೊಂದು ದಿನ ಕೂತು ಓದಿಸಿದ ಹಾರ್ಡ್‌ಡಿಸ್ಕ್: ನನ್ನ ಅನುಭವ

ಸಾಯ್ತಾ ಇರುವ ಒಂದು ಹಾರ್ಡ್‌ಡಿಸ್ಕಿನಿಂದ ಗಿರಾಕಿಯ ಫೈಲುಗಳನ್ನು ಹೊರಗೆ ತೆಗೆಯಲು ಹೊರಟಾಗ 'ಇದು ಆಗೋ ಮಾತಲ್ಲ, ಸುಮ್ನೆ ಟೈಮ್ ವೇಸ್ಟ್' ಅಂತ ಮೂರು ಜನ ಹೇಳಿದ್ದರು. ಒಬ್ಬರು ಶಿವಮೊಗ್ಗದಿಂದ ನನಗೆ ಪಾರ್ಟ್ಸ್ ಕಳಿಸುವವರು. ಇನ್ನೊಬ್ಬರು ಗಿರಾಕಿಯ ಭಾವ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಮೂರನೆಯವಳು ನನ್ನ ಹೆಂಡತಿ. ಅವಳ ತಕರಾರು ಕರೆಂಟ್ ಬಿಲ್ಲಿಂದು, ಅದು ಬೇರೆ ವಿಷಯ.

ಸಾಗರದಲ್ಲಿ ನಂದು ಸಣ್ಣ ರಿಪೇರಿ ಅಂಗಡಿ. ಆಷಾಢದ ಒಂದು ಬೆಳಿಗ್ಗೆ ಪ್ರಿಂಟಿಂಗ್ ಪ್ರೆಸ್ಸಿನವರು ಸಿಪಿಯುವನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಮಳೆಯಲ್ಲೇ ಹೊತ್ತು ತಂದರು. 'ಎಂತ ಮಾರಾಯ್ರೆ, ಎರಡು ದಿನದಿಂದ ರಿಪೇರಿ ರಿಪೇರಿ ಅಂತ ತೋರಿಸ್ತದೆ, ಮುಂದೆ ಹೋಗೋದೇ ಇಲ್ಲ.' ಒಳಗೆ ಹದಿನಾಲ್ಕು ವರ್ಷದ ಪೇಜ್‌ಮೇಕರ್ ಫೈಲುಗಳು. ಮದುವೆ ಕಾರ್ಡು, ಉಪನಯನದ ಕಾರ್ಡು, ಗಣಪತಿ ಹಬ್ಬದ ರಸೀದಿ ಪುಸ್ತಕ, ಎಲ್ಲ ನುಡಿ ಫಾಂಟಿನಲ್ಲಿ. ಬ್ಯಾಕಪ್ ಇದೆಯಾ ಅಂತ ನಾನು ಕೇಳಲಿಲ್ಲ. ಮುಖ ನೋಡಿದರೇ ಗೊತ್ತಾಗ್ತಿತ್ತು.

ಲೋಗೋ ಬರ್ತದೆ, ಚುಕ್ಕಿ ತಿರುಗ್ತದೆ, ನೀಲಿ ಪರದೆ, ಮತ್ತೆ ರೀಸ್ಟಾರ್ಟ್. ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ, ಒಮ್ಮೆ ಡಿಸ್ಕ್ ತೋರಿಸ್ತದೆ, ಒಮ್ಮೆ ಇಲ್ಲ. ಕೇಬಲ್ ಬದಲಿಸಿದೆ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದೆ, ಏನೂ ವ್ಯತ್ಯಾಸ ಇಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟಿನಲ್ಲಿ ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತಕರಾರು ಮಾಡುವ ಚೂರು ಜಾಗ, ಎರಡು ಸಾವಿರದ ಮೇಲೆ. ಕಿವಿ ಹತ್ತಿರ ಇಟ್ಟರೆ ಆಗಾಗ ಗರಕ್ ಅನ್ನುವ ಸಣ್ಣ ಸದ್ದು. ಆನ್ ಮಾಡಿದ ಕೂಡಲೇ ಟಕ್, ಟಕ್, ಟಕ್ ಅಂತ ತಾಳ ಹಾಕಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಅದು ಡಿಸ್ಕನ್ನು ಓದುವ ಹೆಡ್ಡು ಕೆಟ್ಟ ಕಥೆ, ಧೂಳಿಲ್ಲದ ಕ್ಲೀನ್ ರೂಮ್ ಇರುವವರಿಗೇ ಕಳಿಸಬೇಕು. ಪ್ರೆಸ್ಸಿನವರು ಬೆಂಗಳೂರಿನ ಅಂಥ ಒಂದು ಕಡೆ ವಿಚಾರಿಸಿದರು ಕೂಡ. ಮೂವತ್ತೆರಡು ಸಾವಿರ, ಬಂದಷ್ಟು ಬಂತು ಅಂದರಂತೆ.

ಇಲ್ಲಿ ನನ್ನ ಹಳೇ ತಪ್ಪು ಹೇಳಿಬಿಡ್ತೇನೆ. 2016ರ ಸುಮಾರಿಗೆ ಒಂದು ಸ್ಟುಡಿಯೋದ ಡಿಸ್ಕ್ ಇದೇ ಥರ ಬಂದಿತ್ತು. ನಾನು ವಿಂಡೋಸಿನ ಡಿಸ್ಕ್ ರಿಪೇರಿ ಕಮಾಂಡ್ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಕೊಟ್ಟು ಮನೆಗೆ ಹೋಗಿ ಮಲಗಿದೆ. ಬೆಳಿಗ್ಗೆ ಬಂದರೆ ಡಿಸ್ಕ್ ಡಿಟೆಕ್ಟೇ ಆಗ್ತಿಲ್ಲ. ಎರಡು ಮದುವೆಯ ಫೋಟೋ ಹೋಯ್ತು. ಎಂಟು ಸಾವಿರ ಕೈಯಿಂದ ಕೊಟ್ಟೆ, ಗಿರಾಕಿಯೂ ಹೋದ. ಸಾಯ್ತಾ ಇರುವ ಡಿಸ್ಕಿಗೆ ರಿಪೇರಿ ಕೊಡೋದು ಅಂದರೆ ಜ್ವರ ಬಂದವನ ಕೈಲಿ ಗದ್ದೆ ಹೂಡಿಸಿದ ಹಾಗೆ. ಮೊದಲು ಕಾಪಿ, ರಿಪೇರಿ ಏನಿದ್ದರೂ ಕಾಪಿಯ ಮೇಲೆ. ಅಲ್ವಾ?

ಹಾಗಾಗಿ ಲಿನಕ್ಸ್ ಇರುವ ಪೆನ್‌ಡ್ರೈವ್, ಕೆಟ್ಟ ಡಿಸ್ಕಿನಿಂದ ಕಾಪಿ ತೆಗೆಯುವ ಡಿಡಿರೆಸ್ಕ್ಯೂ ಪ್ರೋಗ್ರಾಂ, ಒಂದು ಹೊಸ 1 ಟಿಬಿ ಡಿಸ್ಕ್. ಹಳೇದು 500 ಜಿಬಿ. ಯುಎಸ್‌ಬಿ ಕೇಸಿನಲ್ಲಿ ಹಾಕಬೇಡಿ, ಕೆಟ್ಟ ಸೆಕ್ಟರ್ ಸಿಕ್ಕಿದರೆ ಎಷ್ಟೋ ಸಲ ಅದು ಡಿಸ್ಕನ್ನೇ ಬಿಟ್ಟುಬಿಡ್ತದೆ. ನೇರ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ. ಲಿನಕ್ಸ್ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರಿಡ್ತದೆ, ಯಾವುದು ಯಾವುದು ಅಂತ ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಿ. ಯಾಕೆ ಅಂತ ಕೇಳಬೇಡಿ, ಒಮ್ಮೆ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಕಾಪಿ ಮಾಡಿದವನು ನಾನು.

ಮೊದಲ ಸುತ್ತಿನಲ್ಲಿ ಸ್ಕ್ರೇಪಿಂಗ್, ಅಂದರೆ ಕೆಟ್ಟ ಜಾಗವನ್ನು ಚೂರುಚೂರಾಗಿ ಕೆರೆದು ಓದೋದು, ಬೇಡ ಅಂತ ಹೈಫನ್ ಎನ್ ಆಯ್ಕೆ ಕೊಟ್ಟೆ. ಚೆನ್ನಾಗಿರೋದನ್ನೆಲ್ಲ ಬೇಗ ಬಾಚಿಕೊಳ್ಳಬೇಕು, ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗಬೇಕು. ಐದು ಗಂಟೆಯಲ್ಲಿ ಶೇಕಡಾ 94 ಬಂತು. ಆಮೇಲೆ ನಿಂತೇ ಹೋಯ್ತು. ಸೆಕೆಂಡಿಗೆ ಐದಾರು ಕೆಬಿ, ಕೆಲವೊಮ್ಮೆ ಸೊನ್ನೆ.

ಎರಡನೇ ದಿನ ಮಧ್ಯಾಹ್ನ ಕರೆಂಟ್ ಹೋಯ್ತು. ಮಳೆಗಾಲದಲ್ಲಿ ನಮ್ಮಲ್ಲಿ ಅದು ಸುದ್ದಿಯೇ ಅಲ್ಲ. ಯುಪಿಎಸ್ ಹತ್ತು ನಿಮಿಷ ಎಳೆದು ಕೈಚೆಲ್ಲಿತು. ಎಷ್ಟು ಓದಿ ಆಗಿದೆ ಅನ್ನುವ ಲೆಕ್ಕ ಇಡುವ ಮ್ಯಾಪ್ ಫೈಲನ್ನು ನಾನು ಪೆನ್‌ಡ್ರೈವಿನಿಂದಲೇ ಓಡುವ ಲೈವ್ ಲಿನಕ್ಸಿನ ಡೆಸ್ಕ್‌ಟಾಪಿನಲ್ಲೇ ಇಟ್ಟಿದ್ದೆ. ಅದಿರೋದು ರ್‍ಯಾಮಿನಲ್ಲಿ! ಕರೆಂಟ್ ಜೊತೆ ಅದೂ ಹೋಯ್ತು. ಯಾವುದು ಓದಿ ಆಗಿದೆ, ಯಾವುದು ಬಾಕಿ, ಲೆಕ್ಕವೇ ಇಲ್ಲ. ಮತ್ತೆ ಮೊದಲಿಂದ. ಹದಿನೆಂಟು ವರ್ಷದ ಅನುಭವ ಇಟ್ಟುಕೊಂಡು ಮಾಡುವ ಕೆಲಸವಾ ಇದು? ಅವತ್ತಿಂದ ಮ್ಯಾಪ್ ಫೈಲಿಗೆ ಬೇರೆ ಪೆನ್‌ಡ್ರೈವ್ ಇಟ್ಟಿದ್ದೇನೆ. ಕೆಂಪು ದಾರ ಕಟ್ಟಿದ್ದೇನೆ, ಯಾರೂ ಕೀಳಬಾರದು ಅಂತ.

ಎರಡನೇ ಸಲ 94 ಆದಮೇಲೆ ಕ್ಯಾಪಿಟಲ್ ಆರ್ ಆಯ್ಕೆ ಕೊಟ್ಟು ಹಿಂದಿನಿಂದ ಓದಿಸಿದೆ. ಮುಂದಿನಿಂದ ಹೋದರೆ ಸಿಕ್ಕಿಹಾಕಿಕೊಳ್ತಿದ್ದ ಜಾಗಕ್ಕೆ ಆ ಕಡೆಯಿಂದ ಬಂದರೆ ಆರಾಮಾಗಿ ಕೊಟ್ಟಿತು. ಒಂದೂವರೆ ದಿನದಲ್ಲಿ 99 ದಾಟಿತು. ಉಳಿದ ಚೂರಿಗೆ ವಾರದ ಮೇಲೆ ಹಿಡಿಯಿತು. ಡಿಸ್ಕಿನ ಎದುರಿಗೆ ಟೇಬಲ್ ಫ್ಯಾನ್, ಬಿಸಿ ನಲವತ್ತು ದಾಟದ ಹಾಗೆ. ಮಧ್ಯೆ ಮಧ್ಯೆ ಪವರ್ ತೆಗೆದು ವಿಶ್ರಾಂತಿ. ಎಷ್ಟು ಹೊತ್ತು ಓದಿಸಿ ಎಷ್ಟು ಹೊತ್ತು ಬಿಡಬೇಕು ಅನ್ನೋದನ್ನು ನಾನು ತುಂಬ ಡಿಸ್ಕ್ ಸುಟ್ಟು ಕಲಿತದ್ದು, ಅದನ್ನು ಇಲ್ಲಿ ಬರೆಯೋದಿಲ್ಲ. ಡಿಸ್ಕಿನ ಅಡಿಗಿರುವ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಅದರಡಿಯ ಕಾಂಟ್ಯಾಕ್ಟುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ್ದೂ ಹೌದು. ಮಲೆನಾಡಿನ ಥಂಡಿಗೆ ಅಲ್ಲಿ ಕಪ್ಪಗಾಗಿರ್ತದೆ.

ಕಾಯುವ ಹೊತ್ತಿನಲ್ಲಿ ಕೈ ಸುಮ್ಮನಿರಬೇಕಲ್ಲ. ಫ್ರಿಜ್ಜಿನಲ್ಲಿಟ್ಟರೆ ಡಿಸ್ಕ್ ಬದುಕ್ತದೆ ಅಂತಾರಲ್ಲ, ಒಂದು ಗುಜರಿ ಡಿಸ್ಕನ್ನು ಜಿಪ್ ಕವರಿಗೆ ಹಾಕಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟೆ. ಹೊರಗೆ ತೆಗೆದು ಕವರ್ ಬಿಚ್ಚಿದ ಎರಡು ನಿಮಿಷಕ್ಕೆ ಬೋರ್ಡಿನ ಮೇಲೆಲ್ಲ ನೀರಿನ ಹನಿ. ಒರೆಸಿ ಆನ್ ಮಾಡಿದೆ, ಮೊದಲು ಇದ್ದ ಅಲ್ಪಸ್ವಲ್ಪ ಜೀವವೂ ಹೋಯ್ತು. ಇನ್ನೊಂದು ಗುಜರಿ ಡಿಸ್ಕನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ನೋಡಿದೆ. ಸ್ವಲ್ಪ ಜಾಸ್ತಿ ಓದಿತು ಅನಿಸ್ತು. ನನ್ನ ಭ್ರಮೆಯೂ ಇರಬಹುದು, ಪ್ರೆಸ್ಸಿನ ಡಿಸ್ಕಿಗೆ ಆ ಪ್ರಯೋಗ ಮಾಡಲಿಲ್ಲ.

ಫೈಲುಗಳನ್ನು ಒಳಗಿನ ಗುರುತಿನಿಂದಲೇ ಹೆಕ್ಕುವ ಫೋಟೋರೆಕ್ ಪ್ರೋಗ್ರಾಂ ಹಾಕಿದ್ದರೆ ಎರಡೇ ದಿನ ಸಾಕಿತ್ತು ಅಂತ ಶಿವಮೊಗ್ಗದವರು ಹೇಳಿದರು. ಸರಿ, ಆದರೆ ಫೈಲುಗಳ ಹೆಸರು ಹೋಗ್ತಿತ್ತು. ಹೆಸರಿಲ್ಲದ ಸಾವಿರಾರು ಫೈಲನ್ನು ಒಂದೊಂದಾಗಿ ತೆರೆದು, ಇದು ಯಾರ ಮನೆ ಮದುವೆ ಅಂತ ಹುಡುಕೋದು ಯಾರು?

ಹನ್ನೊಂದನೇ ದಿನ ನಿಲ್ಲಿಸಿದೆ. ಬಾರದೇ ಉಳಿದದ್ದು ಸುಮಾರು 40 ಎಂಬಿ. ಕಾಪಿಯ ಮೇಲೆ ಚೆಕ್‌ಡಿಸ್ಕ್ ಓಡಿಸಿ, ಹಳೇ ಸಿಪಿಯುಗೆ ಹಾಕಿ ಆನ್ ಮಾಡಿದೆ. ವಿಂಡೋಸ್ ಬಂತು! ವಾಲ್‌ಪೇಪರಿನಲ್ಲಿ ಅವರ ಮಗಳ ಫೋಟೋ. ಫೋನ್ ಮಾಡಿ ಏನೂ ಹೇಳದೆ, ಸ್ಟಾರ್ಟ್ ಆಗುವ ಸದ್ದು ಮಾತ್ರ ಕೇಳಿಸಿದೆ.

ಯಾವ ಫೈಲ್ ಹಾಳಾಗಿದೆ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಇನ್ನೊಂದು ಕಾಪಿ ಮಾಡಿಕೊಂಡು, ಡಿಡಿರೆಸ್ಕ್ಯೂನ ಫಿಲ್ ಮೋಡಿನಲ್ಲಿ ಬಾರದ ಜಾಗಗಳಿಗೆಲ್ಲ ಒಂದು ಪದ ತುಂಬಿಸಬೇಕು. ಆಮೇಲೆ ಆ ಪದ ಯಾವ ಫೈಲಿನೊಳಗೆ ಸಿಗ್ತದೆ ಅಂತ ಹುಡುಕಬೇಕು. ನಾನು ಯಾವ ಪದ ತುಂಬಿಸಿದೆ ಅಂತ ಹೇಳೋದಿಲ್ಲ, ಮನೆಯವರೂ ಇದನ್ನು ಓದ್ತಾರೆ. ಮೂವತ್ತರ ಆಸುಪಾಸು ಫೈಲು ಸಿಕ್ಕಿತು. ಹೆಚ್ಚಿನವು ವಿಂಡೋಸಿನ ಕಸ, ಎರಡು ಸಿನಿಮಾ. ಪ್ರೆಸ್ಸಿಂದು ಒಂದೇ ಒಂದು, ಗಣಪತಿಯ ರಸೀದಿ ಪುಸ್ತಕ. ಅದನ್ನು ಅವರೇ ಅರ್ಧ ಗಂಟೆ ಕೂತು ಮತ್ತೆ ಟೈಪ್ ಮಾಡಿದರು.

ಲೆಕ್ಕ ಹೇಳೋದಾದರೆ 1 ಟಿಬಿ ಡಿಸ್ಕ್ ಮೂರೂವರೆ ಸಾವಿರದ ಹತ್ತಿರ. ಅದನ್ನು ನಾನೇ ಇಟ್ಟುಕೊಂಡೆ, ಮುಂದಿನ ಕೇಸಿಗೆ ಬೇಕಲ್ಲ. ಕಾಪಿಯನ್ನು ಇಳಿಸಿ ಅವರಿಗೆ ಹಾಕಿದ 512 ಜಿಬಿ ಎಸ್‌ಎಸ್‌ಡಿ ಮೂರು ಸಾವಿರ ಚಿಲ್ಲರೆ. ನಾನು ತಗೊಂಡದ್ದು ಎಲ್ಲ ಸೇರಿ ಏಳೂವರೆ ಸಾವಿರ. ದಿನದ ಕೂಲಿ ಲೆಕ್ಕ ಹಾಕಿದರೆ ಅಡಿಕೆ ಸುಲಿಯಲು ಹೋಗಿದ್ದರೇ ಲಾಭ ಇತ್ತು. ಆದರೆ ಆ ಬೆಂಗಳೂರಿನ ಭಾವ ಮೊನ್ನೆ ತನ್ನ ಲ್ಯಾಪ್‌ಟಾಪ್ ಡಿಸ್ಕನ್ನು ಕೊರಿಯರ್ ಮಾಡಿದ್ದಾರೆ, ನನಗೆ.

ಬ್ಯಾಕಪ್‌ಗೆ ಇನ್ನೊಂದು ಡಿಸ್ಕ್ ತಗೊಳ್ಳಿ ಅಂತ ಪ್ರೆಸ್ಸಿನವರಿಗೆ ಹೇಳಿದೆ. 'ಶ್ರಾವಣದ ಗಲಾಟೆ ಒಂದು ಮುಗೀಲಿ ಮಾರಾಯ್ರೆ' ಅಂದರು.