ಯುವಕ ಸಂಘದಿಂದ ವಿಜ್ಞಾನ ಮೇಳ ಮಾಡುವವರಿಗೆ

ಫೆಬ್ರವರಿ 28 ವಿಜ್ಞಾನ ದಿನ, ವಿಜ್ಞಾನಿ ಸಿ.ವಿ. ರಾಮನ್ ಅವರ ಶೋಧದ ನೆನಪಿಗೆ, ಸರಿ. ಆದರೆ ಆಗ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಪರೀಕ್ಷೆಯ ತಲೆಬಿಸಿಯಲ್ಲಿರುತ್ತಾರೆ, ಕೈಗೆ ಸಿಗುವುದಿಲ್ಲ. ರಾಮನ್ ನೆಪವೇ ಬೇಕೆಂದರೆ ನವೆಂಬರ್ 7 ಅವರು ಹುಟ್ಟಿದ ದಿನ. ಆ ವಾರದ ಭಾನುವಾರ ಇಟ್ಟುಕೊಳ್ಳಿ.

ಥರ್ಮೋಕೋಲ್ ಜ್ವಾಲಾಮುಖಿ, ರೆಡಿಮೇಡ್ ಕಿಟ್ ಎರಡನ್ನೂ ಬೇಡ ಎಂದುಬಿಡಿ. ಅಪ್ಪ ಅಮ್ಮನ ದುಡ್ಡು ಖರ್ಚು, ಮಕ್ಕಳು ಕಲಿಯುವುದು ಸೊನ್ನೆ. ಅಡುಗೆಮನೆಯಿಂದಲೇ ಶುರು ಮಾಡಿಸಿ. ಅರಿಶಿನ ಕಲಸಿ ಕಾಗದಕ್ಕೆ ಬಳಿದು ಒಣಗಿಸಿದರೆ ಸಾಕು: ಸುಣ್ಣದ ತಿಳಿನೀರೋ ಸೋಪಿನ ನೀರೋ ತಾಗಿದರೆ ಕೆಂಪು, ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. (ಅರಿಶಿನದಿಂದ ಕುಂಕುಮ ಮಾಡುವುದೂ ಇದೇ ಗುಟ್ಟಿನಿಂದ, ಅಜ್ಜಿಯರನ್ನು ಕೇಳಿ ನೋಡಿ.) ಸ್ವಲ್ಪ ದೊಡ್ಡವರಿಗೆ ಒಂದು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಪುಟ್ಟ ಸಾಧನ) ಕೊಟ್ಟು ಊರಿನ ಬಾವಿ, ಬೋರ್‌ವೆಲ್, ನಲ್ಲಿ ನೀರನ್ನೆಲ್ಲ ಅಳೆಯಲು ಬಿಡಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಮೀಟರ್ ತೋರಿಸುವುದು ಕರಗಿದ ಲವಣಗಳ ಅಂದಾಜು ಮಾತ್ರ, ರೋಗಾಣು ಅಲ್ಲ. ಇದನ್ನು ಚಾರ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆಸಿ, ಇಲ್ಲದಿದ್ದರೆ ಊರಲ್ಲಿ ಸುಮ್ಮನೆ ಗುಲ್ಲೇಳುತ್ತದೆ.

ಕರೆಂಟು ಬೇಕಾದ ಮಾದರಿಗಳನ್ನು ಒಂದೇ ಗೋಡೆಗೆ ಸೇರಿಸಿ. ಬೆಂಕಿ, ಆಸಿಡ್ ಬೇಡವೇ ಬೇಡ.

ತೀರ್ಪುಗಾರರಿಗೆ ಮೊದಲೇ ಹೇಳಿಡಿ: "ಇದರಲ್ಲಿ ಒಂದು ವಸ್ತು ಬದಲಿಸಿದರೆ ಏನಾಗುತ್ತೆ ಮಗಾ?" ಎಂದು ಕೇಳಲಿ. ಬಾಯಿಪಾಠ ಅಲ್ಲೇ ಗೊತ್ತಾಗುತ್ತದೆ. ಮತ್ತೆ, ಉದ್ಘಾಟನಾ ಭಾಷಣ ಹತ್ತು ನಿಮಿಷ ದಾಟದಂತೆ ನೋಡಿಕೊಳ್ಳಿ, ಅತಿಥಿ ಯಾರೇ ಆಗಿರಲಿ.